ಬಿಳಿ ಚೀಟಿಯಲ್ಲಿ ಬರೆದ ಆನ್‌ರೋಡ್ ಬೆಲೆ

ನಮ್ಮ ಹಾಸ್ಟೆಲ್ ಬ್ಲಾಕಿನ ಎರಡನೇ ಮಹಡಿಯಲ್ಲಿ ಹದಿನೆಂಟು ರೂಮುಗಳಿವೆ. ಅದರಲ್ಲಿ ಹನ್ನೊಂದರ ಗೋಡೆ ಮೇಲೆ ಒಂದಲ್ಲ ಒಂದು ಸ್ಪೋರ್ಟ್ಸ್ ಕಾರಿನ ಪೋಸ್ಟರ್ ಇದೆ. ಮಸ್ಟಾಂಗ್, ಸುಪ್ರಾ, 911. ಯಾವುದರ ಟಾರ್ಕ್ ಎಷ್ಟು, ಯಾವುದು ಎಷ್ಟು ಸೆಕೆಂಡಿಗೆ ನೂರು ಮುಟ್ಟುತ್ತೆ ಅಂತ ನಿದ್ದೆಗಣ್ಣಲ್ಲಿ ಕೇಳಿದ್ರೂ ಹೇಳ್ತೇವೆ. ಆದರೆ ಆ ಕಾರು ಹೋಗಲಿ, ಅದರ ಹತ್ತನೇ ಒಂದು ಭಾಗ ಬೆಲೆಯ ಕಾರನ್ನು ಕೊಳ್ಳಲು ಹೋದರೂ ಶೋರೂಮಿನವರು ಕೈಗೆ ಕೊಡುವ ಕೊಟೇಶನ್ನಿನಲ್ಲಿ ಯಾವ ಸಾಲು ಸರ್ಕಾರದ್ದು, ಯಾವ ಸಾಲು ಶೋರೂಮಿನದ್ದು ಅನ್ನೋದು ಕಳೆದ ಡಿಸೆಂಬರ್‌ವರೆಗೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದನ್ನು ನಮಗೆ ಓದಿ ತೋರಿಸಿದವರು ಕಾರ್ ಓಡಿಸಲು ಬಾರದ ಒಬ್ಬ ಕೊಬ್ಬರಿ ಬೆಳೆಗಾರರು.

ಮೊದಲು ಗೋಡೆ ಮೇಲಿನ ಕಾರುಗಳ ಲೆಕ್ಕ ಮುಗಿಸಿಬಿಡೋಣ. 2025ರ ಮೇ ತಿಂಗಳಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ನಮ್ಮ ದೇಶಕ್ಕೆ ಬಂತು. ಎಕ್ಸ್‌ಶೋರೂಂ ಬೆಲೆ ಸುಮಾರು 53 ಲಕ್ಷ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಆಜೀವ ತೆರಿಗೆ 18%, ಆ ತೆರಿಗೆಯ ಮೇಲೆ ಮತ್ತೆ 11% ಸೆಸ್. ಎರಡೂ ಸೇರಿದರೆ 19.98%. ಅಂದರೆ 53 ಲಕ್ಷದ ಕಾರಿಗೆ ರಸ್ತೆ ತೆರಿಗೆಯೇ ಹತ್ತೂವರೆ ಲಕ್ಷ ದಾಟುತ್ತೆ. ಒಂದು ಒಳ್ಳೆಯ ಕಾರು ಕೊಂಡು ಇನ್ನೊಂದು ಕಾರನ್ನು ಸರ್ಕಾರಕ್ಕೆ ಕೊಟ್ಟ ಹಾಗೆ. ಇದನ್ನು ತಪ್ಪಿಸೋಕೆ ಬೇರೆ ರಾಜ್ಯದಲ್ಲಿ ನೋಂದಣಿ ಮಾಡಿಸಿ ಬೆಂಗಳೂರಲ್ಲಿ ಓಡಿಸೋರು ಇದ್ದಾರೆ. 2025ರ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯನ್ನು ಹಿಡಿದ ಬೆಂಗಳೂರಿನ ಆರ್‌ಟಿಓದವರು 1.4 ಕೋಟಿಗೂ ಹೆಚ್ಚು ಕಟ್ಟಿಸಿಕೊಂಡರು. ಆ ಸುದ್ದಿ ನಮ್ಮ ಗ್ರೂಪಿನಲ್ಲಿ ಎರಡು ದಿನ ಓಡಾಡಿತ್ತು. ತೆರಿಗೆ ವಿಷಯದಲ್ಲಿ ಚೌಕಾಸಿ ನಡೆಯಲ್ಲ ಅನ್ನೋದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಈಗ ನೆಲಕ್ಕೆ ಬರೋಣ. ನಮ್ಮ ರೂಮ್‌ಮೇಟ್ ಒಬ್ಬನಿಗೆ ಹಾಸ್ಟೆಲ್ಲಿನಲ್ಲಿ ಊರೇ ಹೆಸರು: ತಿಪಟೂರು. ಅವನ ಅಕ್ಕ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ನಾಲ್ಕು ವರ್ಷ ಪಿಜಿಯಲ್ಲೇ ಇದ್ದು ಉಳಿಸಿದ ದುಡ್ಡಲ್ಲಿ ಅವರಿಗೆ ಬೇಕಾಗಿದ್ದು ಮನೆಮಂದಿ ಹೇಳಿದ ಏಳು ಸೀಟಿನ ಗಾಡಿಯಲ್ಲ. ಒಂದು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, ಗಟ್ಟಿ ಸಸ್ಪೆನ್ಶನ್, ಎರಡು ಸೈಲೆನ್ಸರ್ ಬಾಯಿ, ಸೀಟಿಗೆ ಕೆಂಪು ದಾರದ ಹೊಲಿಗೆ ಇರುವ ಒಂದು ಪುಟ್ಟ ಕಾರು. ಶುದ್ಧ ಸ್ಪೋರ್ಟ್ಸ್ ಕಾರು ಅದಲ್ಲ ಅಂತ ನಮ್ಮ ಮೆಕ್ಯಾನಿಕಲ್‌ನವರು ವಾದ ಮಾಡಬಹುದು. ಮಾಡಲಿ ಬಿಡಿ. ಬ್ರೋಷರಿನಲ್ಲಿ ಆರು ಕಡೆ ಸ್ಪೋರ್ಟ್ ಅಂತ ಬರೆದಿತ್ತು, ನಮಗೆ ಅಷ್ಟು ಸಾಕಿತ್ತು.

ಡಿಸೆಂಬರ್ ಮೂರನೇ ವಾರ ಅಕ್ಕ, ಅವರ ಅಪ್ಪ, ತಿಪಟೂರು, ಜೊತೆಗೆ 'ಟೆಕ್ನಿಕಲ್ ಸಪೋರ್ಟ್' ಅಂತ ನಾವು ಮೂವರು ಬೆಂಗಳೂರಿನ ಒಂದು ಶೋರೂಮಿಗೆ ಹೋದೆವು. ಟೆಸ್ಟ್ ಡ್ರೈವ್ ಆಯ್ತು. ಅಕ್ಕನ ಮುಖ ನೋಡಿದ್ರೆ ಗೊತ್ತಾಗ್ತಿತ್ತು, ಈ ಗಾಡಿ ಬಿಟ್ಟು ಬೇರೆ ನೋಡಲ್ಲ ಅಂತ. ನಮಗೆ ಗೊತ್ತಾದ್ದು ಸೇಲ್ಸ್ ಎಕ್ಸಿಕ್ಯೂಟಿವ್‌ಗೆ ಗೊತ್ತಾಗದೆ ಇರುತ್ತಾ? ಮೈಲೇಜ್ ಕೇಳುವ ಗಿರಾಕಿ ಬೇರೆ, ಎಕ್ಸಾಸ್ಟ್ ಸದ್ದು ಕೇಳುವ ಗಿರಾಕಿ ಬೇರೆ. ಮೊದಲನೆಯವರು ಎದ್ದು ಪಕ್ಕದ ಶೋರೂಮಿಗೆ ಹೋಗ್ತಾರೆ. ಎರಡನೆಯವರು ಎಲ್ಲೂ ಹೋಗಲ್ಲ. ಇಂಥ ಕಾರಿನ ಚೌಕಾಸಿ ಮಾಮೂಲಿ ಕಾರಿಗಿಂತ ಕಷ್ಟವಾಗೋದು ಇದೇ ಕಾರಣಕ್ಕೆ.

ಕೊಟೇಶನ್ ಬಂತು. ಎಕ್ಸ್‌ಶೋರೂಂ 11,50,000. ಕೆಳಗೆ ಹತ್ತು ಸಾಲು. ಕೊನೆಗೆ ಆನ್‌ರೋಡ್ 15,06,905. ಅದರ ಪಕ್ಕ ಪೆನ್ನಿನಲ್ಲಿ ಒಂದು ಸುತ್ತು ಹಾಕಿ, "ಮೇಡಂಗೆ ಅಂತ ಮ್ಯಾನೇಜರ್ ಹತ್ರ ಮಾತಾಡಿ ಹದಿನೈದು ಸಾವಿರ ಕಮ್ಮಿ ಮಾಡಿಸಿದೀನಿ, ಇವತ್ತೇ ಬುಕ್ ಮಾಡಿದ್ರೆ ಮಾತ್ರ" ಅಂದರು. ನಾವು ಮೂವರೂ ತಕ್ಷಣ ಚೌಕಾಸಿಗೆ ಇಳಿದೆವು. ಹದಿನೈದನ್ನ ಇಪ್ಪತ್ತೈದು ಮಾಡಿ ಸರ್, ಸ್ಟೂಡೆಂಟ್ಸ್ ಕರ್ಕೊಂಡು ಬಂದಿದೀವಿ ಸರ್. ಆತ ಒಳಗೆ ಹೋಗಿ ಬಂದರು. ಹದಿನೆಂಟು. ಮತ್ತೆ ಹೋಗಿ ಬಂದರು. ಇಪ್ಪತ್ತು. ನಾವು ಗೆದ್ದೆವು ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅಪ್ಪ ಅಲ್ಲಿವರೆಗೆ ಒಂದು ಮಾತೂ ಆಡಿರಲಿಲ್ಲ. ಸೋಫಾದ ತುದಿಯಲ್ಲಿ, ಎಸಿಯ ತಣ್ಣಗಿಗೆ ಟವೆಲ್ ಹೊದ್ದು ಕೂತಿದ್ದರು. ಎಪಿಎಂಸಿಯಲ್ಲಿ ಕ್ವಿಂಟಲ್ ಕೊಬ್ಬರಿಗೆ ನೂರು ರೂಪಾಯಿ ಕಮ್ಮಿ ಹೇಳಿದ್ರೂ ಮೂಟೆ ಎತ್ತಿಸಿಕೊಂಡು ಪಕ್ಕದ ಮಂಡಿಗೆ ಹೋಗುವ ಮನುಷ್ಯ ಇಲ್ಲಿ ಯಾಕೆ ಸುಮ್ಮನಿದ್ದಾರೆ ಅಂತ ಮಗನಿಗೂ ಆಶ್ಚರ್ಯ. ಕೊನೆಗೆ ಹಾಳೆ ಇಸಕೊಂಡು, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಒಂದು ಕಡೆ ನಿಂತರು. "ಹ್ಯಾಂಡ್ಲಿಂಗ್ ಅಂದ್ರೆ ಏನಪ್ಪಾ? ಹಮಾಲೀನಾ?"

"ಹಂಗೇ ಸರ್. ಯಾರ್ಡಿಂದ ಶೋರೂಮಿಗೆ ಗಾಡಿ ತರೋ ಖರ್ಚು."

"ಇದು ಬಿಲ್ಲಲ್ಲಿ ಬರುತ್ತಾ?"

ಆತ ಒಂದು ಕ್ಷಣ ತಡೆದರು. "ಇನ್‌ವಾಯ್ಸಲ್ಲಿ ಬರಲ್ಲ ಸರ್. ಇದು ಬೇರೆ."

ಅಪ್ಪ ಹಾಳೆ ತಿರುಗಿಸಿ ನೋಡಿದರು. ಮೊಹರಿಲ್ಲ, ಜಿಎಸ್‌ಟಿ ನಂಬರಿಲ್ಲ, ಸಹಿ ಇಲ್ಲ. "ಹಂಗಾದ್ರೆ ಇದು ಬಿಳಿ ಚೀಟಿ," ಅಂದರು.

ಊರ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ: ಎಪಿಎಂಸಿಯಲ್ಲಿ ದಲ್ಲಾಳಿ ಕಮಿಷನ್ನನ್ನು ಕೊಳ್ಳುವವರ ಹತ್ತಿರ ತಗೋಬೇಕೇ ಹೊರತು ರೈತರ ಹತ್ತಿರ ಹಿಡಿಯುವಂತಿಲ್ಲ. ಆದರೂ ಹಿಡೀತಾರೆ. ಕಾನೂನಿನ ಬಿಲ್ಲಿನಲ್ಲಿ ಅದನ್ನು ಬರೆಯೋಕಾಗಲ್ಲ, ಹಾಗಾಗಿ ಒಂದು ಬಿಳಿ ಕಾಗದದ ಮೇಲೆ ಹಮಾಲಿ, ತೂಕ, ಕಮಿಷನ್ ಅಂತ ಗೀಚಿ ಉಳಿದ ದುಡ್ಡು ಕೈಗಿಡ್ತಾರೆ. ರೈತ ಸಂಘಗಳು ವರ್ಷಗಳಿಂದ ಬಿಳಿ ಚೀಟಿ ವಿರುದ್ಧ ಗಲಾಟೆ ಮಾಡ್ತಲೇ ಇವೆ. ಹದಿನೈದು ಲಕ್ಷದ ಕಾರಿನ ಕೊಟೇಶನ್ನೂ ಅದೇ ಜಾತಿಯದ್ದು ಅಂತ ನಮಗೆ ಹೊಳೆದದ್ದು ಆಗ.

ನಮ್ಮ ವಾದ ಇಷ್ಟೇ: 'ಡಿಸ್ಕೌಂಟ್ ಎಷ್ಟು ಕೊಡ್ತೀರ' ಅನ್ನುವುದು ಶೋರೂಮಿನವರಿಗೆ ಬಹಳ ಇಷ್ಟವಾದ ಪ್ರಶ್ನೆ. ಅದಕ್ಕೆ ಉತ್ತರವನ್ನು ಅವರು ಮೊದಲೇ ಬೇಯಿಸಿ ಇಟ್ಟಿರುತ್ತಾರೆ. ನಾವು ಇಪ್ಪತ್ತು ಸಾವಿರಕ್ಕೆ ಕುಣಿಯುತ್ತಿದ್ದಾಗ ಅದೇ ಹಾಳೆಯಲ್ಲಿ ಅದರ ಮೂರು ಪಟ್ಟು ದುಡ್ಡು ನಮ್ಮ ಕಣ್ಣೆದುರೇ ಕೂತಿತ್ತು. ಕೇಳಬೇಕಾದದ್ದು: ಈ ಸಾಲಿನ ದುಡ್ಡು ಯಾರಿಗೆ ಹೋಗುತ್ತೆ, ಅದಕ್ಕೆ ರಸೀದಿ ಕೊಡ್ತೀರಾ?

ಆ ಹಾಳೆಯಲ್ಲಿ ಕಾನೂನಿನ ಸಾಲುಗಳು ಮೂರು. 10ರಿಂದ 20 ಲಕ್ಷದೊಳಗಿನ ಕಾರಿಗೆ ಆಜೀವ ತೆರಿಗೆ 17%, ಸೆಸ್ ಸೇರಿ 18.87%, ಅಂದರೆ 2,17,005. ಮೋಟಾರು ಕಾರ್ಮಿಕರ ಕಲ್ಯಾಣ ನಿಧಿಗೆ ಅಂತ 2025ರಲ್ಲಿ ಶುರುವಾದ ಒಂದು ಸಾವಿರ. ಮತ್ತೆ 10 ಲಕ್ಷ ದಾಟಿದ ಕಾರಿಗೆ 1% ಟಿಸಿಎಸ್, 11,500. ಈ ಮೂರನೆಯದು ಖರ್ಚೇ ಅಲ್ಲ. ಕೊಳ್ಳುವವರ ಪ್ಯಾನ್ ನಂಬರಿಗೆ ಜಮೆಯಾಗಿ ಐಟಿ ರಿಟರ್ನ್ ಹಾಕಿದಾಗ ಹೊಂದಾಣಿಕೆಯಾಗುತ್ತೆ. ಎಷ್ಟೋ ಮಂದಿ ಇದನ್ನು ತೆರಿಗೆ ಅಂತ ತಿಳಿದು ಮರೆತುಬಿಡ್ತಾರೆ. ಇವುಗಳ ಬಗ್ಗೆ ಚೌಕಾಸಿ ಮಾಡೋದು ಗುರುತ್ವಾಕರ್ಷಣೆಯ ಜೊತೆ ಚೌಕಾಸಿ ಮಾಡಿದ ಹಾಗೆ.

ಇನ್ಶೂರೆನ್ಸ್ ಸಾಲಿನಲ್ಲಿ 54,000 ಅಂತಿತ್ತು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಹೆಚ್ಚು ದುಡ್ಡು ಸೋರುವುದು ಇಲ್ಲೇ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಬೈಕಿಗಾದರೆ ಐದು ವರ್ಷ. ಅದರ ದರವನ್ನು ಕೇಂದ್ರ ಸರ್ಕಾರವೇ ಗೊತ್ತುಮಾಡುತ್ತೆ. 1000 ಸಿಸಿ ಒಳಗಿನ ಕಾರಿಗೆ 6,521, ಮೇಲೆ ಜಿಎಸ್‌ಟಿ. ಯಾವ ಕಂಪನಿಯಲ್ಲಿ ಮಾಡಿಸಿದರೂ ಅಷ್ಟೇ. ಹಾಗಾದರೆ 54 ಸಾವಿರದಲ್ಲಿ ಉಳಿದದ್ದೇನು? ನಮ್ಮ ಗಾಡಿಗೆ ಆಗುವ ಹಾನಿಯ ವಿಮೆ ಮತ್ತು ಅದರ ಬಾಲಂಗೋಚಿಗಳು: ಝೀರೋ ಡೆಪ್, ಎಂಜಿನ್ ರಕ್ಷಣೆ, ಇನ್‌ವಾಯ್ಸ್ ಮೊತ್ತ ವಾಪಸ್ ಇತ್ಯಾದಿ. ಇದರ ದರ ಕಂಪನಿಯಿಂದ ಕಂಪನಿಗೆ ಬೇರೆ. ಶೋರೂಮಿನಲ್ಲೇ ಮಾಡಿಸಬೇಕು ಅನ್ನೋ ಕಟ್ಟಳೆ ಎಲ್ಲೂ ಇಲ್ಲ. ಆಯ್ಕೆ ಗಿರಾಕಿಯದ್ದು ಅನ್ನುವುದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮ. "ಹೊರಗಡೆ ಮಾಡಿಸಿದ್ರೆ ಕ್ಯಾಶ್‌ಲೆಸ್ ಸಿಗಲ್ಲ ಸರ್" ಅಂದರು. ಕ್ಯಾಶ್‌ಲೆಸ್ ಸಿಗುವುದು ಬಿಡುವುದು ಆ ವಿಮಾ ಕಂಪನಿಗೂ ವರ್ಕ್‌ಶಾಪಿಗೂ ಒಪ್ಪಂದ ಇದೆಯಾ ಅನ್ನೋದರ ಮೇಲೆ, ಪಾಲಿಸಿ ಎಲ್ಲಿ ಕೊಂಡಿರಿ ಅನ್ನೋದರ ಮೇಲಲ್ಲ. ಅಲ್ಲೇ ಕೂತು ಮೊಬೈಲಿನಲ್ಲಿ ನೋಡಿದರೆ ಅದೇ ವರ್ಕ್‌ಶಾಪ್ ಪಟ್ಟಿಯಲ್ಲಿರುವ ಇನ್ನೊಂದು ಕಂಪನಿಯ ಪಾಲಿಸಿ 38,000ಕ್ಕೆ ಇತ್ತು.

ಒಂದು ಎಚ್ಚರಿಕೆ. ಅಗ್ಗದ ಪಾಲಿಸಿ ಕಂಡ ಕೂಡಲೇ ಹಾರಬೇಡಿ. ಐಡಿವಿ, ಅಂದರೆ ಗಾಡಿ ಪೂರ್ತಿ ಹಾಳಾದರೆ ಅಥವಾ ಕಳುವಾದರೆ ಕೊಡುವ ಮೊತ್ತ, ಹೊಸ ಕಾರಿಗೆ ಬೆಲೆಯ 95% ಇರಬೇಕು. ನಾವು ಮೊದಲು ನೋಡಿದ 31 ಸಾವಿರದ ಪಾಲಿಸಿಯಲ್ಲಿ ಅದನ್ನು ಒಂದೂವರೆ ಲಕ್ಷ ಇಳಿಸಿ, ಝೀರೋ ಡೆಪ್ ಕಿತ್ತುಹಾಕಿದ್ದರು. ಅದನ್ನು ಶೋರೂಮಿನ ಪಾಲಿಸಿ ಜೊತೆ ಹೋಲಿಸಿ ವೀರಾವೇಶದಲ್ಲಿ ಮಾತಾಡಿದ್ದು ನಮ್ಮ ತಪ್ಪು. ಆ ಎಕ್ಸಿಕ್ಯೂಟಿವ್ ನಗದೆ ತಿದ್ದಿದರು, ಅದು ಅವರ ದೊಡ್ಡತನ.

ಉಳಿದವು ಬೇಗ ಮುಗಿದವು. ಹ್ಯಾಂಡ್ಲಿಂಗ್ 9,500: ಬಿಲ್ಲಿಲ್ಲದ್ದಕ್ಕೆ ದುಡ್ಡಿಲ್ಲ ಅಂತ ಅಪ್ಪ ಗೀಟು ಹೊಡೆದರು. 12,000ದ ಕೋಟಿಂಗ್: ಅಕ್ಕನೇ ಬೇಡ ಅಂದರು. 'ಎಸೆನ್ಶಿಯಲ್ ಕಿಟ್' ಅನ್ನೋ 24,900ರಲ್ಲಿ ನಿಜಕ್ಕೂ ಎಸೆನ್ಶಿಯಲ್ ಆಗಿದ್ದು 2,400ರ ಮ್ಯಾಟ್ ಒಂದೇ. ಅದನ್ನು ಇಟ್ಟುಕೊಂಡು ಉಳಿದದ್ದು ತೆಗೆಸಿದೆವು. 18,000ದ ಎಕ್ಸ್‌ಟೆಂಡೆಡ್ ವಾರಂಟಿಯನ್ನು ನಾವೇ ಇರಲಿ ಅಂದೆವು. ಟರ್ಬೊ ಗಾಡಿಗೆ, ಅದೂ ಎಂಟು ವರ್ಷ ಇಟ್ಟುಕೊಳ್ಳೋರಿಗೆ, ಅದು ದುಬಾರಿಯಲ್ಲ ಅನ್ನುವುದು ನಮ್ಮ ಲೆಕ್ಕ. 500 ರೂಪಾಯಿ ಫಾಸ್ಟ್ಯಾಗ್ ಸರಿ. 'ರಿಜಿಸ್ಟ್ರೇಶನ್ ಮತ್ತು ಇತರೆ' ಅಂತ 8,500 ಇತ್ತು. ಕಾರಿನ ನೋಂದಣಿ ಶುಲ್ಕ 600 ರೂಪಾಯಿ. ಉಳಿದದ್ದು 'ಇತರೆ'. ಅದು ಯಾವ ಇತರೆ ಅಂತ ಕೇಳಿದ್ದಕ್ಕೆ ಆತ ಮೇಲೆ ನೋಡಿದರು, ಮ್ಯಾನೇಜರ್ ಗೋಡೆ ನೋಡಿದರು. ಆ ಸಾಲಿನಲ್ಲಿ ನಾವು ಸೋತೆವು. ರಸೀದಿ ಕೊಡ್ತೀವಿ ಅಂತ ಬರೆಸಿಕೊಂಡಿದ್ದಷ್ಟೇ ಬಂತು.

ಲೆಕ್ಕ ಹಾಕಿದರೆ, 'ಡಿಸ್ಕೌಂಟ್' ಬಿಟ್ಟು, ಸರಿಯಾಗಿ 60,000 ಇಳಿದಿತ್ತು. ನಮ್ಮಲ್ಲಿ ಕೆಲವರಿಗೆ ಅದು ಒಂದು ವರ್ಷದ ಹಾಸ್ಟೆಲ್ ಮತ್ತು ಮೆಸ್ ಖರ್ಚು. ಹೇಳಿದ್ದ ಇಪ್ಪತ್ತು ಸಾವಿರದ ಡಿಸ್ಕೌಂಟ್ ಮಾತ್ರ ಕಿಟ್ಟೂ ಇನ್ಶೂರೆನ್ಸೂ ತೆಗೆದ ಮೇಲೆ ಮತ್ತೆ ಹದಿನೈದಕ್ಕೆ ಬಂತು. ಅದೂ ಒಂದು ಪಾಠವೇ.

ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಪೇಪರ್‌ಗೆ ಸಹಿ ಹಾಕಿಸುವಾಗ ಮಾತಿಗೆ ಮಾತು ಬಂತು. ಆತ ಅರಸೀಕೆರೆ ಕಡೆಯವರು. ನಮಗಿಂತ ನಾಲ್ಕು ವರ್ಷ ಸೀನಿಯರ್, ಮೆಕ್ಯಾನಿಕಲ್ ಬಿಇ. ಕ್ಯಾಂಪಸ್‌ನಲ್ಲಿ ಕೋರ್ ಕಂಪನಿ ಸಿಗಲಿಲ್ಲ, ಕಾರು ಅಂದ್ರೆ ಇಷ್ಟ, ಇಲ್ಲಿಗೆ ಬಂದರು. ಸಂಬಳ ರೂಮ್ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತೆ; ಊರಿಗೆ ಕಳಿಸುವ ದುಡ್ಡು ಬರೋದು ಇನ್ಸೆಂಟಿವ್‌ನಿಂದ. ಇನ್ಸೆಂಟಿವ್ ಇರೋದು ಯಾವುದಕ್ಕೆ? ನಾವು ಗೀಟು ಹೊಡೆದ ಸಾಲುಗಳಿಗೇ. ಇನ್ಶೂರೆನ್ಸ್ ಒಂದು, ಕಿಟ್ ಒಂದು, ಕೋಟಿಂಗ್ ಒಂದು.

ಬಸ್ಸಿನಲ್ಲಿ ವಾಪಸ್ ಬರುವಾಗ ನಮ್ಮೊಳಗೇ ಜಗಳವಾಯ್ತು. ಒಬ್ಬನ ಮಾತು: "ಅಕ್ಕನಿಗೆ 15 ಲಕ್ಷ ಕೊಡೋಕೆ ತಾಕತ್ತಿದೆ, ಆ ಅಣ್ಣನಿಗೆ ಹೋಗೋ ನಾಲ್ಕು ಸಾವಿರಕ್ಕೆ ನಾವು ಕಲ್ಲು ಹಾಕಿದ್ವಿ." ಇನ್ನೊಬ್ಬ: "ಅವರ ಸಂಬಳ ಕೊಡಬೇಕಾದ್ದು ಓನರ್, ಅಕ್ಕ ಅಲ್ಲ." ನಾಳೆ ನಮ್ಮಲ್ಲೇ ಯಾರೋ ಆ ಟೇಬಲ್ಲಿನ ಆ ಕಡೆ ಕೂತಿರಬಹುದು ಅನ್ನೋದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬ್ಯಾಕ್‌ಲಾಗ್ ಇರೋರಂತೂ ಕಿಟಕಿ ಆಚೆ ನೋಡ್ತಿದ್ದರು.

ವಾರಗಟ್ಟಲೆ ಎಳೆದಾಡಿದ ಮೇಲೆ ನಾವು ಬಂದು ನಿಂತ ಜಾಗ ಇದು. ನ್ಯಾಯವಾದ ಬೆಲೆ ಅಂದರೆ ಅತಿ ಕಡಿಮೆ ಬೆಲೆ ಅಲ್ಲ. ಶೋರೂಮಿಗೆ ಬಾಡಿಗೆ ಇದೆ, ಸ್ಟಾಕಿನ ಮೇಲೆ ಬಡ್ಡಿ ಇದೆ, ಕಾರಿನ ಮೇಲಿನ ಮಾರ್ಜಿನ್ ಹೊರಗಿನವರು ಅಂದುಕೊಳ್ಳುವಷ್ಟು ದಪ್ಪ ಇಲ್ಲ. ಡೀಲರ್‌ಗಳ ಒಕ್ಕೂಟ ಫಾಡಾ ಮಾರ್ಜಿನ್ ಹೆಚ್ಚಿಸಿ ಅಂತ ಕಂಪನಿಗಳನ್ನು ಕೇಳ್ತಾನೇ ಇದೆ. ಸರಿ, ಹೆಚ್ಚಿಸಲಿ. ಎಕ್ಸ್‌ಶೋರೂಂ ಬೆಲೆಯಲ್ಲೇ ಸೇರಿಸಲಿ, ಬಿಲ್ಲಿನಲ್ಲಿ ಬರೆಯಲಿ, ಎಲ್ಲ ಗಿರಾಕಿಗೂ ಒಂದೇ ಇರಲಿ. ಆಗ ಅದಕ್ಕೆ ನಾವು ಚಕಾರ ಎತ್ತಲ್ಲ. ಈಗ ಆಗುತ್ತಿರುವುದೇನು? ಕೇಳಲು ಬಂದವರಿಗೆ ಒಂದು ಬೆಲೆ, ಕೇಳಲು ಬಾರದವರಿಗೆ ಇನ್ನೊಂದು. ಅದೇ ದಿನ ಪಕ್ಕದ ಟೇಬಲ್ಲಿನಲ್ಲಿ ಒಬ್ಬ ಹಿರಿಯರು ಮಗಳ ಮದುವೆಗೆ ಅಂತ ಇದಕ್ಕಿಂತ ಕಡಿಮೆ ಬೆಲೆಯ ಕಾರು ತಗೊಂಡು ಅಷ್ಟೂ ಸಾಲಿಗೂ ತಲೆಯಾಡಿಸಿ ಸಹಿ ಹಾಕುತ್ತಿದ್ದರು. ನಮ್ಮ ಸೀನಿಯರ್ ಊರಿಗೆ ಕಳಿಸುವ ದುಡ್ಡು ಅಂಥವರ ಜೇಬಿಂದಲೇ ಬರುವಂತೆ ಮಾಡಿಟ್ಟಿದ್ದು ಆ ಸೀನಿಯರ್ ಅಲ್ಲ, ಆದರೆ ಆ ಕೆಲಸ ಮಾಡಬೇಕಾಗಿರೋದು ಅವರು.

ಅಮೆರಿಕದಲ್ಲಿ ಎಂಎಸ್ ಮಾಡುತ್ತಿರುವ ನಮ್ಮ ಕ್ಲಬ್ಬಿನ ಹಳೆಯ ಸಂಪಾದಕರೊಬ್ಬರಿಗೆ ಇದೆಲ್ಲ ಹೇಳಿದಾಗ ನಕ್ಕರು. ಅಲ್ಲಿ 1958ರಿಂದ ಕಾನೂನೇ ಇದೆ: ಹೊಸ ಕಾರಿನ ಗಾಜಿನ ಮೇಲೆ ತಯಾರಕರ ಬೆಲೆ ಚೀಟಿ ಅಂಟಿಸಿರಲೇಬೇಕು. ಆದರೂ ಬೇಡಿಕೆ ಹೆಚ್ಚಿರುವ ಸ್ಪೋರ್ಟ್ಸ್ ಕಾರು ಬಂದರೆ ಡೀಲರುಗಳು ಅದರ ಪಕ್ಕವೇ ಇನ್ನೊಂದು ಚೀಟಿ ಅಂಟಿಸಿ ಸಾವಿರಾರು ಡಾಲರ್ ಏರಿಸುತ್ತಾರಂತೆ. 2020ರ ಕಾರ್ವೆಟ್ಟಿಗೆ ಹಾಗೇ ಆಯ್ತು. "ಅಲ್ಲೂ ಬಿಳಿ ಚೀಟಿ, ಸ್ವಲ್ಪ ಮಿನುಗು ಜಾಸ್ತಿ" ಅಂದ ತಿಪಟೂರು.

ಕೊಳ್ಳೋಕೆ ಹೊರಟಿರುವ ಅಣ್ಣ ಅಕ್ಕಂದಿರ ಜೊತೆ ಹೋಗುವವರಿಗೆ ಇನ್ನೆರಡು ಮಾತು. ಸಾಲ ತಗೊಳ್ಳುವುದಾದರೆ 'ಫ್ಲಾಟ್ 7%' ಅನ್ನುವ ಮಾತಿಗೆ ಮರುಳಾಗಬೇಡಿ. ಐದು ವರ್ಷಕ್ಕೆ ಲಕ್ಷಕ್ಕೆ 2,250 ಕಂತು ಬರುತ್ತೆ. ಅದೇ ಕಂತನ್ನು ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಬಡ್ಡಿ 12.5% ಹತ್ತಿರ. ಎಂ3 ಪಾಸಾದ ನಾವು ಇದನ್ನು ಕ್ಯಾಲ್ಕುಲೇಟರ್ ಇಟ್ಟುಕೊಂಡು ಅಲ್ಲೇ ಮಾಡಿ ತೋರಿಸಿದಾಗ ಫೈನಾನ್ಸ್ ಟೇಬಲ್ಲಿನವರು ಚಹಾ ತರಿಸಿದರು. ಇನ್ನೊಂದು, ಗಾಡಿ ತಯಾರಾದ ತಿಂಗಳು ಕೇಳಿ. ಅದು ಆರ್‌ಸಿಯಲ್ಲಿ ಅಚ್ಚಾಗುತ್ತೆ, ಮಾರುವಾಗ ಲೆಕ್ಕಕ್ಕೆ ಬರುತ್ತೆ. ಯಾರೂ ಕೇಳದ ಬಣ್ಣದ ಸ್ಪೋರ್ಟ್ ವೇರಿಯಂಟ್ ಆರು ತಿಂಗಳಿಂದ ಯಾರ್ಡಿನಲ್ಲಿ ಬಿಸಿಲು ಕಾಯುತ್ತಿದ್ದರೆ ಡಿಸೆಂಬರ್ ಕೊನೆಯಲ್ಲಿ ಅವರಿಗೇ ಅವಸರ. ನಮಗೆ ಅಷ್ಟು ಸಾಲು ಹೊಡೆದುಹಾಕಲು ಬಿಟ್ಟಿದ್ದಕ್ಕೆ ಅಪ್ಪನ ಜಾಣ್ಮೆ ಎಷ್ಟು ಕಾರಣವೋ ಡಿಸೆಂಬರ್ 20 ಅನ್ನುವ ತಾರೀಖೂ ಅಷ್ಟೇ ಕಾರಣ. ದಸರಾ ಹೊತ್ತಿಗೆ ಹೋಗಿದ್ದರೆ ಬಾಗಿಲ ಕಡೆ ಕೈ ತೋರಿಸುತ್ತಿದ್ದರೇನೋ.

ಡೆಲಿವರಿ ದಿನ ಅಪ್ಪ ಊರಿಂದ ಒಂದು ಚೀಲ ತೆಂಗಿನಕಾಯಿ ತಂದಿದ್ದರು. ಒಂದನ್ನು ಕಾರಿಗೆ ಒಡೆದು, ಉಳಿದ ಚೀಲ ಹಾಗೇ ಆ ಎಕ್ಸಿಕ್ಯೂಟಿವ್ ಕೈಗೆ ಕೊಟ್ಟರು. "ತಗೊಳ್ಳಪ್ಪಾ, ಇದಕ್ಕೆ ಬಿಲ್ಲಿಲ್ಲ." ಆತ ಜೋರಾಗಿ ನಕ್ಕು, ಚೀಲವನ್ನು ಮ್ಯಾನೇಜರಿಗೆ ಕಾಣದ ಹಾಗೆ ಟೇಬಲ್ ಕೆಳಗೆ ತಳ್ಳಿದರು. ಆಮೇಲೆ ದನಿ ಇಳಿಸಿ, ತನ್ನ ತಂಗಿಗೆ ಸ್ಕೂಟರ್ ಕೊಡಿಸಬೇಕು, ಆ ಶೋರೂಮಿಗೆ ಹೋಗುವಾಗ ನೀವೂ ಬರ್ತೀರಾ ಅಂತ ನಮ್ಮನ್ನು ಕೇಳಿದರು. ಬರ್ತೀವಿ ಅಂದೆವು.

8,500ರ ರಸೀದಿ ಇನ್ನೂ ಬಂದಿಲ್ಲ. ಅಕ್ಕ ಪ್ರತಿ ಸೋಮವಾರ ಫೋನ್ ಮಾಡುತ್ತಿದ್ದಾರೆ.